ವಿಶ್ವಾಸಕ್ಕೆ ತರ್ಕದ ಆಸರೆ: ಯಾವ ಪುಸ್ತಕದಿಂದ ಆರಂಭಿಸಲಿ?

ಬೆಂದೂರಿನಿಂದ, ಪ್ರಶ್ನೆ:
ಕಾಲೇಜಿಗೆ ಹೋಗುವ ಮಗಳು ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬರುವ ದಾರಿಯಲ್ಲೇ ಶುರು ಮಾಡುತ್ತಾಳೆ. ಮಹಾಸ್ಫೋಟದಿಂದ (ಬಿಗ್ ಬ್ಯಾಂಗ್) ವಿಶ್ವವೆಲ್ಲ ಆಯಿತೆಂದರೆ ದೇವರಿಗೇನು ಕೆಲಸ? ಒಳ್ಳೆಯವರಿಗೇ ಏಕೆ ಕಷ್ಟ? ನನ್ನ ಬಳಿ ಇರುವುದು ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ ಉತ್ತರಗಳು ಮಾತ್ರ. ವಿಶ್ವಾಸವನ್ನು ತರ್ಕದಿಂದ ಸಮರ್ಥಿಸುವ ಪುಸ್ತಕಗಳನ್ನು ಓದಿದವರು ನಿಮ್ಮ ಅನುಭವ ತಿಳಿಸುತ್ತೀರಾ?

ಕಲ್ಯಾಣಪುರದಿಂದ:
ಇಂಗ್ಲಿಷ್ ಲೇಖಕ ಸಿ.ಎಸ್. ಲೂಯಿಸ್ ಅವರ ‘ಮಿಯರ್ ಕ್ರಿಶ್ಚಿಯಾನಿಟಿ’ಯಿಂದ ಆರಂಭಿಸಿ ಅಕ್ಕ. ಯುದ್ಧಕಾಲದಲ್ಲಿ, 1941ರಿಂದ 1944ರವರೆಗೆ, ಬಿಬಿಸಿ ರೇಡಿಯೊದಲ್ಲಿ ಮಾಡಿದ ಭಾಷಣಗಳೇ 1952ರಲ್ಲಿ ಈ ಪುಸ್ತಕವಾದದ್ದು. ಕೇಳುಗರಿಗೆಂದು ಬರೆದದ್ದಾದ್ದರಿಂದ ಓದು ಎಲ್ಲೂ ತಡವರಿಸುವುದಿಲ್ಲ. ಲೂಯಿಸ್ ಸ್ವತಃ ನಾಸ್ತಿಕರಾಗಿದ್ದವರು, ಮಗಳ ಸಂಶಯಗಳು ಅವರಿಗೆ ಹೊಸವಲ್ಲ. ಆದರೆ ಅವರ ಹೆಸರಾಂತ ವಾದವೊಂದಿದೆ: ಯೇಸು ಸುಳ್ಳುಗಾರ, ಇಲ್ಲವೇ ಬುದ್ಧಿಭ್ರಮಣೆಯಾದವನು, ಇಲ್ಲವೇ ದೇವರು, ಬರೀ ಒಳ್ಳೆಯ ಬೋಧಕ ಎನ್ನುವಂತಿಲ್ಲ. ಅದನ್ನು ಬ್ರಹ್ಮಾಸ್ತ್ರವೆಂದು ಎತ್ತಿಕೊಳ್ಳಬೇಡಿ. ಬೈಬಲಿನ ಶುಭಸಂದೇಶದ ಮಾತುಗಳನ್ನು ಯೇಸುವೇ ಆಡಿದ್ದೆಂಬುದಕ್ಕೆ ಆಧಾರವೇನು ಎಂದು ಹುಡುಗಿ ಕೇಳಿದರೆ ಬೇರೆಯೇ ಪುಸ್ತಕ ಹುಡುಕಬೇಕಾಗುತ್ತದೆ.

ಬಲ್ಮಠದಿಂದ:
ನನಗೆ ಈ ವಾದಗಳಲ್ಲಿ ಅಷ್ಟು ಭರವಸೆಯಿಲ್ಲ. 1834ರಲ್ಲಿ ನಮ್ಮೂರು ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಕ್ರೈಸ್ತ ಪ್ರಚಾರಕರು ಮತಖಂಡನೆಯ ಕರಪತ್ರಗಳನ್ನೂ ಅಚ್ಚು ಹಾಕಿಸಿದರು. ಅವನ್ನು ಇಂದು ಸಂಶೋಧಕರಲ್ಲದೆ ಯಾರು ಓದುತ್ತಾರೆ? ಅದೇ ಮಿಷನ್ನಿನ ಕಿಟೆಲರ 1894ರ ಕನ್ನಡ ನಿಘಂಟನ್ನು ಮಾತ್ರ ಎಲ್ಲ ಮತದವರೂ ಬಿಡಿಸಿ ನೋಡುತ್ತಾರೆ.

ಜೆಪ್ಪುವಿನಿಂದ, ವಿಜ್ಞಾನ ಶಿಕ್ಷಕಿ:
ಮಹಾಸ್ಫೋಟದ ಕಲ್ಪನೆಗೆ ಬುನಾದಿ ಹಾಕಿದ ಜಾರ್ಜ್ ಲೆಮೈತ್ರ್ ಬೆಲ್ಜಿಯಮ್ಮಿನ ಕಥೋಲಿಕ ಗುರು ಎಂಬುದನ್ನು ಮಗಳಿಗೆ ಹೇಳಿ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲೇ ಬರೆದವರು. 1951ರಲ್ಲಿ ಪೋಪ್ ಹನ್ನೆರಡನೇ ಪಿಯುಸ್ ಇಂಥ ವಿಜ್ಞಾನದಲ್ಲಿ ಸೃಷ್ಟಿಗೆ ಸಾಕ್ಷಿ ಕಂಡಾಗ ಕಸಿವಿಸಿಗೊಂಡವರೂ ಇವರೇ! ತಮ್ಮ ಸಿದ್ಧಾಂತವನ್ನು ದೇವರ ಪರವಾಗಿಯೂ ವಿರುದ್ಧವಾಗಿಯೂ ಎಳೆಯಬಾರದೆಂಬುದು ಅವರ ನಿಲುವಾಗಿತ್ತು.

ಶಿರ್ವದಿಂದ:
ಒಳ್ಳೆಯವರಿಗೇಕೆ ಕಷ್ಟ ಎಂಬ ಪ್ರಶ್ನೆಗೆ ಲೂಯಿಸರ ಇನ್ನೆರಡು ಪುಸ್ತಕಗಳನ್ನು ಜೊತೆಗಿಟ್ಟುಕೊಂಡು ಓದಿ. 1940ರ ‘ದ ಪ್ರಾಬ್ಲಂ ಆಫ್ ಪೇನ್’ನಲ್ಲಿ ನೋವಿಗೆ ಕಾರಣಗಳನ್ನು ಕೊಡುತ್ತಾರೆ. 1960ರಲ್ಲಿ ಹೆಂಡತಿ ಕ್ಯಾನ್ಸರಿನಿಂದ ತೀರಿಕೊಂಡರು. ಮರುವರ್ಷ ಬೇರೆ ಹೆಸರಿನಲ್ಲಿ ಪ್ರಕಟಿಸಿದ ‘ಎ ಗ್ರೀಫ್ ಅಬ್ಸರ್ವ್ಡ್’ನಲ್ಲಿ ಅದೇ ಮನುಷ್ಯ ದೇವರ ಮೇಲೆ ರೇಗುತ್ತಾರೆ, ಆದರೂ ವಿಶ್ವಾಸವನ್ನು ಬಿಡುವುದಿಲ್ಲ. ಅಮ್ಮ ತೀರಿಕೊಂಡ ವರ್ಷ ನಾನು ಮೊದಲಿನದನ್ನು ಅರ್ಧಕ್ಕೇ ಮುಚ್ಚಿದ್ದೆ, ಈ ಚಿಕ್ಕ ಪುಸ್ತಕವನ್ನು ಮಾತ್ರ ಕೊನೆಯವರೆಗೆ ಓದಿದೆ. ಅಂದ ಹಾಗೆ, ಮಗಳ ಈ ಪ್ರಶ್ನೆ ಪಾಠದಿಂದ ಹುಟ್ಟಿದ್ದೋ, ಹತ್ತಿರದವರ ನೋವು ಕಂಡೋ?

ಬೆಂದೂರಿನಿಂದ:
ಅವಳ ಆಪ್ತ ಗೆಳತಿಯ ತಂದೆ ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಹಾಗಾದರೆ ಚಿಕ್ಕದನ್ನೇ ಮೊದಲು ತರಿಸುತ್ತೇನೆ.