ಶಿಕ್ಷೆ ಆಗದೇ ಇದ್ದರೂ ‘ಕನ್ವಿಕ್ಷನ್’: ಇದಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಅಮೆರಿಕಕ್ಕೆ ಓದಲು ಹೋಗುವ ನಮ್ಮ ಹುಡುಗರಿಗಾಗಿ ಒಂದು ಕಿರುಹೊತ್ತಗೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪೊಲೀಸ್ ಕೇಸ್ ಆದರೆ ವೀಸಾ, ಗ್ರೀನ್ ಕಾರ್ಡಿನ ಗತಿ ಏನು ಅನ್ನುವ ಭಾಗ ಬರೀ ನಾಲ್ಕು ಪುಟ. ಎರಡು ದಿನದ ಕೆಲಸ ಅಂದುಕೊಂಡಿದ್ದೆ. ಎರಡು ವಾರವಾಯಿತು, ‘ಕನ್ವಿಕ್ಷನ್’ (ಅಪರಾಧಿ ಎಂದು ಕೋರ್ಟಿನಲ್ಲಿ ತೀರ್ಮಾನವಾಗುವುದು) ಅನ್ನುವ ಒಂದು ಪದದ ಮುಂದೆಯೇ ಕೂತಿದ್ದೇನೆ.

ಮೊದಲು ಸುಮ್ನೆ ‘ಶಿಕ್ಷೆಯಾಗಿದ್ದರೆ’ ಎಂದು ಬರೆದೆ. ಅದನ್ನು ಓದಿದ ಅಕ್ಕನ ಮಗ, “ಮಾವ, ಹಾಗಾದ್ರೆ ನನ್ನ ರೂಮ್‌ಮೇಟ್‌ಗೆ ಏನೂ ತೊಂದರೆ ಇಲ್ಲ ಅಲ್ವಾ? ಅವನ ಕೇಸ್ ಖುಲಾಸೆ ಆಯ್ತು” ಅಂದ. ಕೇಳಿದರೆ ಆಗಿದ್ದು ಇಷ್ಟು. ಆ ಹುಡುಗ ಅಂಗಡಿಯಲ್ಲಿ ತಾನೇ ಬಿಲ್ ಮಾಡಿಕೊಳ್ಳುವಾಗ ಒಂದು ಇಯರ್‌ಫೋನನ್ನು ಸ್ಕ್ಯಾನ್ ಮಾಡದೆ ಚೀಲಕ್ಕೆ ಹಾಕಿದ. ಬಾಗಿಲಲ್ಲೇ ಸಿಕ್ಕಿಬಿದ್ದ. ಜಡ್ಜ್ ಮುಂದೆ ತಪ್ಪೊಪ್ಪಿಕೊಂಡ. ಒಂದು ಕ್ಲಾಸಿಗೆ ಹೋಗು, ಇಷ್ಟು ಗಂಟೆ ಸಮಾಜಸೇವೆ ಮಾಡು ಅಂದರು, ಮಾಡಿದ. ಆಮೇಲೆ ಕೇಸ್ ವಜಾ. ಜೈಲಿಲ್ಲ, ದಂಡವೂ ಇಲ್ಲ.

ನಮ್ಮ ಲೆಕ್ಕದಲ್ಲಿ ಇದು ದೇವಸ್ಥಾನದಲ್ಲಿ ತಪ್ಪುಕಾಣಿಕೆ ಹಾಕಿದ ಹಾಗೆ. ಹುಂಡಿಗೆ ಬಿತ್ತು, ಮುಗೀತು. ಅಲ್ಲಿನ ವಲಸೆ ಕಾನೂನಿನ ಲೆಕ್ಕವೇ ಬೇರೆ. 1996ರಲ್ಲಿ ಮಾಡಿದ ವ್ಯಾಖ್ಯೆಯ ಪ್ರಕಾರ, ಆರೋಪಿ ತಪ್ಪೊಪ್ಪಿಕೊಂಡಿದ್ದು, ಜಡ್ಜ್ ಯಾವುದೋ ಒಂದು ದಂಡನೆಯನ್ನೋ ಕಟ್ಟುಪಾಡನ್ನೋ ಹಾಕಿದ್ದರೆ ಸಾಕು, ಅದು ಕನ್ವಿಕ್ಷನ್ನೇ. ಕ್ಲಾಸು ಮುಗಿಸಿದ್ದಕ್ಕೆ ರಾಜ್ಯದ ಕೋರ್ಟು ಕೇಸನ್ನು ಅಳಿಸಿಹಾಕಿದರೂ ವಲಸೆ ಇಲಾಖೆಯ ಪಾಲಿಗೆ ಅದು ಅಳಿಯುವುದಿಲ್ಲ. ತಪ್ಪೊಪ್ಪಿಕೊಳ್ಳುವ ಮೊದಲೇ ಕ್ಲಾಸಿಗೆ ಕಳಿಸಿದ್ದರೆ ಮಾತು ಬೇರೆ. ಅಂದರೆ ‘ವಜಾ’ವನ್ನು ನಾವು ‘ಖುಲಾಸೆ’ ಅನ್ನುವುದು ಇಲ್ಲಿ ಬರೀ ಬಾಯಿತಪ್ಪಲ್ಲ.

‘ಏನೂ ತೊಂದರೆ ಇಲ್ಲ’ ಅನ್ನುವ ಮಾತನ್ನು ನಂಬಿ ಕೆಟ್ಟವರಿದ್ದಾರೆ. ಪಡಿಲ್ಲಾ ಎಂಬ ಹೊಂಡುರಾಸ್ ಮೂಲದವರು 40 ವರ್ಷಕ್ಕೂ ಜಾಸ್ತಿ ಅಮೆರಿಕದಲ್ಲಿದ್ದು, ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಲ್ಲಿನ ಸೈನ್ಯದಲ್ಲೂ ಇದ್ದವರು. ಗಾಂಜಾ ಸಾಗಿಸಿದ ಕೇಸಿನಲ್ಲಿ ವಕೀಲರು, “ಇಷ್ಟು ವರ್ಷ ಇದ್ದೀರಲ್ಲ, ವಲಸೆ ಬಗ್ಗೆ ಯೋಚನೆ ಬೇಡ” ಅನ್ನುವ ಅರ್ಥದಲ್ಲಿ ಹೇಳಿದರಂತೆ. ನಂಬಿ ತಪ್ಪೊಪ್ಪಿಕೊಂಡರು. 2010ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ತಪ್ಪೊಪ್ಪಿಕೊಂಡರೆ ದೇಶ ಬಿಡಬೇಕಾದೀತು ಎಂದು ಕಕ್ಷಿದಾರನಿಗೆ ತಿಳಿಸುವುದು ವಕೀಲರ ಕರ್ತವ್ಯ ಎಂದಿತು.

ನಿಘಂಟಿನ ‘ದೋಷಸಿದ್ಧಿ’, ‘ಅಪರಾಧ ನಿರ್ಣಯ’ ನನಗೂ ಗೊತ್ತು. ಇಪ್ಪತ್ತರ ಹುಡುಗ ಅದನ್ನು ಓದಿ ಪುಟ ತಿರುಗಿಸುತ್ತಾನೆ. ‘ಅಪರಾಧ ಸಾಬೀತು’ ಚೆನ್ನಾಗಿದೆ, ಆದರೆ ಇಲ್ಲಿ ಯಾರೂ ಏನನ್ನೂ ಸಾಬೀತು ಮಾಡಿಲ್ಲ, ಇವನೇ ಒಪ್ಪಿಕೊಂಡಿದ್ದಾನೆ. ಸದ್ಯಕ್ಕೆ ‘ತಪ್ಪು ಖಾಯಂ’ ಎಂದು ಬರೆದಿಟ್ಟಿದ್ದೇನೆ. ಸರ್ಕಾರಿ ನೌಕರಿ ಸಿಕ್ಕಿದ ಹಾಗೆ ಕೇಳಿಸುತ್ತೆ ಅಂತ ಮನೆಯವಳು ನಗುತ್ತಾಳೆ.

ಇನ್ನೆರಡು ಸಣ್ಣ ತೊಡಕು. ‘ಗಡಿಪಾರು’ ಅಂದರೆ ನಮ್ಮಲ್ಲಿ ರೌಡಿಗಳನ್ನು ಜಿಲ್ಲೆಯಿಂದಾಚೆ ಹಾಕುವುದೂ ಹೌದು. ಹಾಗಾಗಿ ‘ದೇಶದಿಂದ ಹೊರಹಾಕುವುದು’ ಎಂದು ಬಿಡಿಸಿ ಬರೆದೆ. ವಲಸೆಗೆ ತೊಡಕಾಗುವ ನೀಚತನದ, ಮೋಸದ ಅಪರಾಧಗಳಿಗೆ ಅಲ್ಲಿನ ಕಾನೂನು ಬಳಸುವ ‘ಮಾರಲ್ ಟರ್ಪಿಟ್ಯೂಡ್’ಗೆ ‘ನೈತಿಕ ಅಧಃಪತನ’ ಅಂದರೆ ಓದುವವರ ತಲೆ ಎಲ್ಲಿಗೆ ಹೋಗುತ್ತದೆ ಗೊತ್ತಲ್ಲ! ಅಲ್ಲಿ ಅಂಗಡಿ ಕಳ್ಳತನ ಸಾಮಾನ್ಯವಾಗಿ ಅದರಲ್ಲಿ ಸೇರುತ್ತದೆ, ಬರೀ ಕುಡಿದು ಗಾಡಿ ಓಡಿಸಿದ್ದು ಸೇರುವುದಿಲ್ಲ. ಹಾಗಂತ ಕುಡಿದವನು ನಿರಾಳವಾಗಿರುವ ಹಾಗಿಲ್ಲ. ಬರೀ ಅರೆಸ್ಟ್ ಆದರೂ ವೀಸಾ ರದ್ದಾಗಬಹುದು. ವೀಸಾ ಅರ್ಜಿಯಲ್ಲೂ ಕನ್ವಿಕ್ಷನ್ ಜೊತೆಗೆ ‘ಎಂದಾದರೂ ಅರೆಸ್ಟ್ ಆಗಿದ್ದೀರಾ’ ಎಂದು ಕೇಳುತ್ತಾರೆ.

ಕೋರ್ಟಿನಲ್ಲಿ ಕೆಲಸ ಮಾಡುವವರು ಇಲ್ಲಿದ್ದರೆ ಹೇಳಿ: ಸಣ್ಣ ಕೇಸಿನಲ್ಲಿ ಆರೋಪಿ ತಾನೇ ತಪ್ಪೊಪ್ಪಿಕೊಂಡಾಗ, ‘ಫೈನ್ ಕಟ್ಟಿ ಬಂದ’ ಅನ್ನುವುದು ಬಿಟ್ಟು, ನಿಮ್ಮ ಕಡೆ ಬಾಯಿಮಾತಿನಲ್ಲಿ ಏನನ್ನುತ್ತಾರೆ?