ಸೋಲ್‌ಗೆ ಹೋಗುತ್ತಿದ್ದೇವೆ, ಮಗನಿಗೆ ಇ-ಸ್ಪೋರ್ಟ್ಸ್ ತೋರಿಸಬೇಕು: ಹೋಗಿಬಂದವರು ಅನುಭವ ಹೇಳಿ

ಕೇಳಿದವರು:

ಏಪ್ರಿಲ್ ಕೊನೆಗೆ ನಾವು ಮೂವರು ದಕ್ಷಿಣ ಕೊರಿಯಾದ ಸೋಲ್‌ಗೆ ಹೋಗುತ್ತಿದ್ದೇವೆ. ಯಜಮಾನರಿಗೆ ಆಫೀಸ್ ಕೆಲಸ, ನನಗೂ ಮಗನಿಗೂ ಊರು ಸುತ್ತುವ ಕೆಲಸ. ಮಗ ಈಗಷ್ಟೇ ಒಂಬತ್ತನೇ ಕ್ಲಾಸ್ ಮುಗಿಸಿದ್ದಾನೆ. ಲೀಗ್ ಆಫ್ ಲೆಜೆಂಡ್ಸ್ ಅನ್ನೋ ಕಂಪ್ಯೂಟರ್ ಆಟ ಅಂದರೆ ಪ್ರಾಣ. ಅರಮನೆ ಬೇಡ, ಬೆಟ್ಟ ಬೇಡ, ಆ ಆಟದ ಸ್ಟಾರ್ ಫೇಕರ್ ಆಡುವುದನ್ನು ನೋಡಬೇಕು ಅಂತ ಒಂದೇ ಹಟ. ನನಗೆ ಆ ಆಟದ ತಲೆಬುಡ ಗೊತ್ತಿಲ್ಲ. ಟಿಕೆಟ್ ಹೇಗೆ ಮಾಡಿಸಬೇಕು? ನನ್ನಂಥವಳು ಅಲ್ಲಿ ಕೂತು ಏನು ಮಾಡಬೇಕು? ದುಡ್ಡು ಕೊಟ್ಟು ಕಂಪ್ಯೂಟರ್ ಆಟ ಆಡುವ ಜಾಗಕ್ಕೆ ಪಿಸಿ ಬಾಂಗ್ ಅಂತಾರಲ್ಲ, ಅಲ್ಲಿಗೆ ಹುಡುಗನನ್ನು ಕರೆದುಕೊಂಡು ಹೋಗಬಹುದಾ? ನಾವು ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ.

ಸೋಲ್ ಹತ್ತಿರದ ಸುವಾನ್‌ನಲ್ಲಿ ಕೆಲಸದಲ್ಲಿರುವ ಒಬ್ಬರು:

ಮೇಡಂ, ಒಳ್ಳೆ ಸಮಯಕ್ಕೆ ಹೊರಟಿದ್ದೀರಿ. ಇಲ್ಲಿನ ಲೀಗ್‌ನ ಹೆಸರು ಎಲ್‌ಸಿಕೆ, ಹತ್ತು ತಂಡಗಳು. 2025ರಿಂದ ವರ್ಷಕ್ಕೆ ಒಂದೇ ದೊಡ್ಡ ಸೀಸನ್. ಏಪ್ರಿಲ್‌ನಲ್ಲಿ ಶುರುವಾಗಿ, ನಡುವೆ ಸ್ವಲ್ಪ ಬಿಡುವು ತೆಗೆದುಕೊಂಡು, ಸೆಪ್ಟೆಂಬರ್‌ಗೆ ಮುಗಿಯುತ್ತದೆ. ದಸರಾ ರಜೆಗೆ ಬಂದಿದ್ದರೆ ಕಷ್ಟ ಇತ್ತು. ಆಗ ವಿಶ್ವ ಚಾಂಪಿಯನ್‌ಶಿಪ್ ನಡೆಯುತ್ತದೆ, ಒಳ್ಳೆ ತಂಡಗಳೆಲ್ಲ ಸಾಮಾನ್ಯವಾಗಿ ಬೇರೆ ದೇಶದಲ್ಲಿರುತ್ತವೆ.

ಪಂದ್ಯಗಳು ನಡೆಯುವುದು ಲೋಲ್ ಪಾರ್ಕ್‌ನಲ್ಲಿ. ಹೆಸರು ನೋಡಿ ಗಿಡಮರ ಹುಡುಕಬೇಡಿ. ಜೊಂಗ್ನೊದಲ್ಲಿರುವ ಗ್ರಾನ್ ಸೋಲ್ ಅನ್ನೋ ಆಫೀಸ್ ಕಟ್ಟಡದ ಮೂರನೇ ಮಹಡಿ ಅದು. ಮೆಟ್ರೊ ಒಂದನೇ ಲೈನ್, ಜೊಂಗ್ಗಾಕ್ ಸ್ಟೇಷನ್. ಕೆಳಗೆ ಕತ್ತಿಗೆ ಐಡಿ ಕಾರ್ಡ್ ಹಾಕಿಕೊಂಡವರು ಕಾಫಿ ಹಿಡಿದು ಓಡಾಡುತ್ತಿರುತ್ತಾರೆ, ಮೇಲೆ ಜೆರ್ಸಿ ಹಾಕಿದವರ ಸಾಲು. ಒಳಗೆ ಸೀಟು ಸುಮಾರು 400. ಕುಸ್ತಿ ಅಖಾಡದ ಹಾಗೆ ನಡುವೆ ವೇದಿಕೆ, ಸುತ್ತಲೂ ಜನ. ಆಟಗಾರರ ಮುಖ ಪರದೆ ಇಲ್ಲದೆಯೇ ಕಾಣುತ್ತದೆ. ಕಿವಿಗೆ ಇಯರ್‌ಫೋನ್, ಅದರ ಮೇಲೆ ದಪ್ಪನೆಯ ಹೆಡ್‌ಸೆಟ್. ಹೊರಗಿನ ಕೂಗು ಕೇಳಿಸಿ ಎದುರಾಳಿ ಎಲ್ಲಿದ್ದಾನೆ ಅಂತ ಸುಳಿವು ಸಿಗಬಾರದಲ್ಲ, ಅದಕ್ಕೆ.

ನಿಮಗೆ ಆಟ ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಐದೈದು ಜನ. ಎದುರಾಳಿಯ ಕೋಟೆಯೊಳಗಿನ ನೆಕ್ಸಸ್ ಅನ್ನೋ ಮುಖ್ಯ ಕಟ್ಟಡ ಒಡೆದವರು ಗೆದ್ದರು. ಸಾಮಾನ್ಯವಾಗಿ ಮೂರರಲ್ಲಿ ಎರಡು ಆಟ ಗೆಲ್ಲಬೇಕು, ಒಂದೊಂದು ಆಟ ಅರ್ಧ ಗಂಟೆ ಆಸುಪಾಸು. ಪರದೆಯ ಮೇಲ್ಭಾಗದಲ್ಲಿ ಎರಡೂ ತಂಡ ಆಟದಲ್ಲಿ ಗಳಿಸಿದ ಚಿನ್ನದ ಲೆಕ್ಕ ಬರುತ್ತಿರುತ್ತದೆ. ಚಿನ್ನ ಜಾಸ್ತಿ ಇದ್ದವರದ್ದು ಮೇಲುಗೈ. ಅಷ್ಟು ಗೊತ್ತಿದ್ದರೆ ಸಾಕು, ಮಿಕ್ಕಿದ್ದು ಮಗ ಕಿವಿಯಲ್ಲಿ ಹೇಳುತ್ತಲೇ ಇರುತ್ತಾನೆ. ಬೇಡ ಅಂದರೂ ಬಿಡಲ್ಲ!

ನೀವು ಆಟಕ್ಕಿಂತ ಜನರನ್ನು ನೋಡಿ. ನನಗೆ ಪ್ರತಿ ಸಲ ಇಷ್ಟವಾಗುವುದು ಅದೇ. ಬಾಗಿಲ ಹೊರಗೆ ಮೇಜು ಹಾಕಿಕೊಂಡು ಜನ ರಟ್ಟಿನ ಮೇಲೆ ಸ್ಕೆಚ್ ಪೆನ್ನಲ್ಲಿ ಏನೇನೋ ಬರೆಯುತ್ತಿರುತ್ತಾರೆ. ಅದಕ್ಕೆ ಚಿಯರ್‌ಫುಲ್ ಅನ್ನುತ್ತಾರೆ. ಆಟಗಾರನ ಕಾರ್ಟೂನ್, ಒಂದು ತಮಾಷೆ ಸಾಲು, ಅಂಚಿಗೆ ಹೂವು. ಕ್ಯಾಮೆರಾ ತಿರುಗಿದ ಕೂಡಲೇ ಎತ್ತಿ ಹಿಡಿಯಬೇಕು. ಹುಡುಗರದ್ದೇ ಜಾತ್ರೆ ಅಂದುಕೊಂಡಿದ್ದರೆ ಅಲ್ಲ. ಹೆಣ್ಣುಮಕ್ಕಳು ತುಂಬಾ ಜನ ಬರುತ್ತಾರೆ, ಕೆಲವರ ಕೈಯಲ್ಲಿ ಮದುವೆ ಫೋಟೊಗ್ರಾಫರ್ ಹತ್ತಿರ ಇರುವಂಥ ಉದ್ದನೆ ಲೆನ್ಸ್. ಆಟ ಶುರುವಾಗುವ ಮುಂಚೆ ಒಂದು ಕಡೆಯವರು ‘ಹಾನಾ, ದುಲ್, ಸೆಟ್’ ಅಂತ ಒಂದು ಎರಡು ಮೂರು ಎಣಿಸಿ, ತಂಡದ ಹೆಸರು ಹೇಳಿ ‘ಹ್ವೈಟಿಂಗ್’ ಅಂತ ಒಟ್ಟಿಗೆ ಕೂಗುತ್ತಾರೆ. ಆಮೇಲೆ ಇನ್ನೊಂದು ಕಡೆಯವರ ಸರದಿ. ಒಬ್ಬರ ಕೂಗಿನ ಮೇಲೆ ಇನ್ನೊಬ್ಬರು ಕೂಗುವುದಿಲ್ಲ. ಚಿನ್ನಸ್ವಾಮಿಯಲ್ಲಿ ಗಂಟಲು ಹರಿದುಕೊಂಡವನಿಗೆ ಇದು ಮೊದಲು ಸಪ್ಪೆ ಅನಿಸಿತು. ಈಗ ನನಗೂ ಅಭ್ಯಾಸವಾಗಿದೆ.

ಇನ್ನು ಫೇಕರ್ ವಿಷಯ. ಮಗನಿಗೆ ಬೇಜಾರಾದರೂ ಹೇಳುತ್ತೇನೆ, ಅವರ ತಂಡ ಟಿ1 ಆಡುವ ಪಂದ್ಯವೇ ಬೇಕು ಅಂತ ಕೂರಬೇಡಿ. ಆ ಟಿಕೆಟ್ ನಿಮಿಷಗಳಲ್ಲಿ ಖಾಲಿ. ಟಿ1 ಇಲ್ಲದ, ವಾರದ ದಿನದ ಒಂದು ಪಂದ್ಯ ನೋಡಿ. ಸೀಟು ಸಿಗುತ್ತದೆ, ಗಲಾಟೆ ಕಡಿಮೆ. ಸೋಲುತ್ತಲೇ ಇರುವ ತಂಡಕ್ಕೂ ಬರೆದ ರಟ್ಟು ಹಿಡಿದು ಬರುವವರು ಯಾರು ಅಂತ ಗೊತ್ತಾಗುತ್ತದೆ. ಶಿನ್ ರಾಮ್ಯನ್ ಅನ್ನೋ ನೂಡಲ್ಸ್ ಮಾಡುವ ನೊಂಗ್‌ಶಿಮ್ ಕಂಪನಿಗೂ ತಂಡ ಇದೆ, ಇನ್ಶೂರೆನ್ಸ್ ಕಂಪನಿ ಹನ್ವಾ ಲೈಫ್‌ಗೂ ಇದೆ, ಟೆಲಿಫೋನ್ ಕಂಪನಿ ಕೆಟಿಗೂ ಇದೆ. ನೂಡಲ್ಸ್ ಕಂಪನಿ ಇನ್ಶೂರೆನ್ಸ್ ಕಂಪನಿಯ ಕೋಟೆ ಒಡೆಯುವುದನ್ನು ನೋಡೋಕೆ ನನಗಂತೂ ಮಜಾ.

ಅರಮನೆ ಬೇಡ ಅಂದನಲ್ಲ, ಗ್ಯೊಂಗ್‌ಬೊಕ್ ಅರಮನೆ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಬೆಳಿಗ್ಗೆ ಅರಮನೆ, ಸಂಜೆ ಪಂದ್ಯ ಅಂತ ರಾಜಿ ಮಾಡಿಕೊಳ್ಳಿ. ಮಂಗಳವಾರ ಅರಮನೆಗೆ ರಜೆ, ಅದನ್ನು ನೋಡಿಕೊಳ್ಳಿ.

ಕಳೆದ ವರ್ಷ ಹೋಗಿಬಂದ ಒಬ್ಬರು, ಮೈಸೂರು:

ಅಕ್ಕಾ, ಟಿಕೆಟ್ ಬಗ್ಗೆ ನಾನು ಹೇಳುತ್ತೇನೆ. ಮೊದಲು ಇಂಟರ್‌ಪಾರ್ಕ್ ಅಂತಿದ್ದ, ಈಗ ನೋಲ್ ಅನ್ನುವ ಟಿಕೆಟ್ ಸೈಟ್ ಇದೆ, ವಿದೇಶಿಯರಿಗೆ ಅದರ ಗ್ಲೋಬಲ್ ಪುಟ ಬೇರೆ. ಇಲ್ಲಿಂದ ಹೊರಡುವ ಮೊದಲೇ ಅದರಲ್ಲಿ ಅಕೌಂಟ್ ಮಾಡಿಟ್ಟುಕೊಳ್ಳಿ. ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆಯೇ ಹೆಸರು ಹಾಕಿ, ಇನಿಷಿಯಲ್ ಸಮೇತ. ಟಿಕೆಟ್ ತಿಂಗಳ ಮೊದಲೇ ಬಿಡುವುದಿಲ್ಲ, ಪಂದ್ಯ ಹತ್ತಿರ ಬಂದಾಗಲೇ ಬಿಡುತ್ತಾರೆ. ಕೊರಿಯಾ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ, ಆ ಲೆಕ್ಕ ತಪ್ಪಬಾರದು. ಅಂತರರಾಷ್ಟ್ರೀಯ ವಹಿವಾಟು ಆನ್ ಆಗಿರುವ ಕಾರ್ಡ್ ಬೇಕು. ಓಟಿಪಿ ಭಾರತದ ನಂಬರಿಗೆ ಬರುತ್ತದೆ, ಆ ಸಿಮ್ ಫೋನಿನಲ್ಲಿ ಇರಲೇಬೇಕು. ನನ್ನ ಗೆಳೆಯನೊಬ್ಬನ ಬ್ಯಾಂಕ್ ಸರಿಯಾಗಿ ಟಿಕೆಟ್ ಬಿಡುವ ಹೊತ್ತಿಗೇ ಓಟಿಪಿ ಕಳಿಸದೆ ಕೈಕೊಟ್ಟಿತು. ಅದಕ್ಕೇ ಇಬ್ಬರ ಕಾರ್ಡ್ ರೆಡಿ ಇಟ್ಟುಕೊಳ್ಳಿ.

ಟಿ1 ಬೇಡ ಅಂತ ಮೇಲಿನವರು ಹೇಳಿದ್ದನ್ನು ನಾನು ಒಪ್ಪಲ್ಲ. ಹದಿನಾಲ್ಕು ಹದಿನೈದರ ಹುಡುಗ ಅಷ್ಟು ದೂರ ಹೋಗಿ ನೂಡಲ್ಸ್ ಕಂಪನಿ ಆಟ ನೋಡಿ ಬರಬೇಕಾ? ಪ್ರಯತ್ನ ಮಾಡಿ. ಇಬ್ಬರು ಅಕ್ಕಪಕ್ಕ ಕೂರಲೇಬೇಕು ಅನ್ನದೆ ಒಂಟಿ ಸೀಟು ಹುಡುಕಿದರೆ ಸಿಗುವ ಸಾಧ್ಯತೆ ಜಾಸ್ತಿ. ನೀವು ಹೊರಗೆ ಕೆಫೆಯಲ್ಲಿ ಕೂತಿರಿ, ಅವನು ಒಳಗೆ ಇರಲಿ. ದುಪ್ಪಟ್ಟು ರೇಟಿಗೆ ಯಾರೋ ಆನ್‌ಲೈನಲ್ಲಿ ಮಾರುವ ಟಿಕೆಟ್ ಮಾತ್ರ ಬೇಡ, ಬಾಗಿಲಲ್ಲಿ ಹೆಸರು ತಾಳೆ ಆಗದಿದ್ದರೆ ದುಡ್ಡೂ ಹೋಯಿತು ಪಂದ್ಯವೂ ಹೋಯಿತು.

ಫೇಕರ್ ಯಾರು ಅಂತ ನಿಮಗೂ ಸ್ವಲ್ಪ ಗೊತ್ತಿರಲಿ. ನಿಜವಾದ ಹೆಸರು ಲೀ ಸಾಂಗ್-ಹ್ಯೊಕ್, 1996ರಲ್ಲಿ ಹುಟ್ಟಿದವರು. 2013ರಿಂದ ಒಂದೇ ತಂಡ. ವಿಶ್ವ ಚಾಂಪಿಯನ್ ಆಗಿದ್ದು 2013, 2015, 2016, ಆಮೇಲೆ ಬಹಳ ವರ್ಷ ಬಿಟ್ಟು 2023, 2024, 2025. ಇಪ್ಪತ್ತೈದು ದಾಟಿದರೆ ಮುದುಕ ಅನ್ನುವ ಆಟದಲ್ಲಿ ಇದು ಸಣ್ಣ ಮಾತಲ್ಲ. ಹೈಸ್ಕೂಲ್ ಅರ್ಧಕ್ಕೆ ಬಿಟ್ಟು ಆಟಕ್ಕೆ ಬಂದವರು. ಈ ಕೊನೆ ವಾಕ್ಯ ಮಗನಿಗೆ ಓದಿ ಹೇಳಬೇಡಿ, ಅವನಿಗೆ ಗೊತ್ತಿರುತ್ತದೆ ಬಿಡಿ.

ಬೆಂಗಳೂರಿನ ಒಬ್ಬ ಅಮ್ಮ:

ನಾನೂ ಮಗನ ಕಾಟಕ್ಕೆ ಪಿಸಿ ಬಾಂಗ್ ನೋಡಿದವಳು. ಧೈರ್ಯವಾಗಿ ಹೋಗಿ. ನಮ್ಮ ಕಡೆಯ ಹಳೇ ಸೈಬರ್ ಕೆಫೆ ನೆನೆಸಿಕೊಳ್ಳಬೇಡಿ. ಸಾಲುಸಾಲು ದೊಡ್ಡ ಪರದೆ, ಒಳ್ಳೆ ಕುರ್ಚಿ, ಸಿಗರೇಟ್ ಸೇದುವವರಿಗೆ ಬೇರೆ ಗಾಜಿನ ಕೋಣೆ. ಗಂಟೆಗೆ ಸಾವಿರದಿಂದ ಒಂದೂವರೆ ಸಾವಿರ ವಾನ್, ಅಂದರೆ ನೂರು ರೂಪಾಯಿ ಒಳಗೇ. ಬಾಗಿಲ ಹತ್ತಿರ ಒಂದು ಯಂತ್ರ ಇರುತ್ತದೆ. ಸದಸ್ಯರಲ್ಲದವರು ಅನ್ನುವ ಬಟನ್ ಒತ್ತಿ ಸಮಯ ಕೊಂಡುಕೊಳ್ಳಬೇಕು, ಅದು ಕೊಡುವ ನಂಬರ್ ಕಂಪ್ಯೂಟರಿಗೆ ಹಾಕಬೇಕು. ಎಲ್ಲಾ ಕೊರಿಯನ್ ಭಾಷೆಯಲ್ಲೇ. ಫೋನಿನ ಅನುವಾದ ಕ್ಯಾಮೆರಾ ಹಿಡಿದರೆ ಸಾಕು, ಇಲ್ಲವಾದರೆ ಕೌಂಟರಿನ ಹುಡುಗ ಬಂದು ಒತ್ತಿಕೊಡುತ್ತಾನೆ.

ಕಾನೂನು ಒಂದಿದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಒಂಬತ್ತರವರೆಗೆ ದೊಡ್ಡವರ ಜೊತೆಯಿಲ್ಲದ ಹದಿನೆಂಟರ ಒಳಗಿನವರಿಗೆ ಪಿಸಿ ಬಾಂಗ್‌ನಲ್ಲಿ ಜಾಗ ಇಲ್ಲ. ಹತ್ತು ಗಂಟೆ ಹತ್ತಿರ ಬಂದ ಹಾಗೆ ಯೂನಿಫಾರ್ಮ್ ಮಕ್ಕಳು ಗೊಣಗುತ್ತಾ ಬ್ಯಾಗ್ ಏರಿಸಿಕೊಂಡು ಹೊರಡುವುದನ್ನು ನೋಡಿ ನನಗೆ ಎಷ್ಟು ಸಮಾಧಾನ ಆಯಿತು ಗೊತ್ತಾ? ಎಲ್ಲಾ ದೇಶದ ಮಕ್ಕಳೂ ಒಂದೇ.

ಲೀಗ್ ಆಫ್ ಲೆಜೆಂಡ್ಸ್‌ನ ಕೊರಿಯಾ ಸರ್ವರಿಗೆ ಅಲ್ಲಿನವರ ಗುರುತು ಪರಿಶೀಲನೆ ಬೇಕು, ಪ್ರವಾಸಿಗೆ ಅದು ಆಗದ ಮಾತು. ಇದನ್ನು ಮಗನಿಗೆ ಇಲ್ಲೇ ಹೇಳಿ ಕರೆದುಕೊಂಡು ಹೋಗಿ, ಅಲ್ಲಿ ಹೋಗಿ ಮುಖ ಸಣ್ಣ ಮಾಡಿಕೊಳ್ಳುವುದು ಬೇಡ. ಸ್ಟೀಮ್ ಅನ್ನೋ ಆನ್‌ಲೈನ್ ಆಟದ ಅಂಗಡಿಯಲ್ಲಿ ಇರುವ ಆಟಗಳನ್ನು ತನ್ನ ಅಕೌಂಟಿನಿಂದಲೇ ಆಡಬಹುದು. ಇನ್ನೊಂದು ತಮಾಷೆ: ಸ್ಪೇಸ್ ಬಾರ್ ಬಲಕ್ಕೆ ಒಂದು ಕೀ ಇದೆ, ನಮ್ಮಲ್ಲಿ ಆಲ್ಟ್ ಇರುವ ಜಾಗ. ಅದಕ್ಕೆ ಕೈ ತಾಗಿದರೆ ಟೈಪ್ ಮಾಡಿದ್ದೆಲ್ಲ ಕೊರಿಯನ್ ಅಕ್ಷರದಲ್ಲಿ ಬೀಳುತ್ತದೆ. ನನ್ನ ಮಗ ಚಾಟ್‌ನಲ್ಲಿ ‘ಹಾಯ್’ ಅಂತ ಒತ್ತಿದ್ದು ಏನೇನೋ ಆಗಿ, ಪಕ್ಕದ ಸೀಟಿನ ಅಣ್ಣ ನಕ್ಕು, ಕೈ ಚಾಚಿ ಆ ಕೀ ಒತ್ತಿ ಸರಿ ಮಾಡಿದ. ಆಮೇಲೆ ಇಬ್ಬರೂ ಒಂದೇ ಒಂದು ಪದ ಮಾತಾಡದೆ ಸುಮಾರು ಹೊತ್ತು ಒಬ್ಬರ ಪರದೆ ಒಬ್ಬರು ನೋಡಿಕೊಂಡು ಕೂತಿದ್ದರು. ಏಳುವಾಗ ಲಾಗ್‌ಔಟ್ ಮಾಡಿ, ಇಲ್ಲದಿದ್ದರೆ ಕೊಂಡ ಸಮಯ ಓಡುತ್ತಲೇ ಇರುತ್ತದೆ.

ಊಟದ ಕಥೆ. ಸೀಟಿನಿಂದಲೇ ಆರ್ಡರ್ ಮಾಡಬಹುದು, ಟ್ರೇ ಕೀಬೋರ್ಡ್ ಪಕ್ಕಕ್ಕೇ ಬರುತ್ತದೆ. ರಾಮ್ಯನ್, ಫ್ರೈಡ್ ರೈಸ್, ತೊಕ್‌ಬೊಕ್ಕಿ ಅನ್ನೋ ಖಾರದ ಅಕ್ಕಿ ಕಡುಬು ಎಲ್ಲಾ ಇದೆ, ಘಮಘಮ ಅನ್ನುತ್ತದೆ, ನಮಗೆ ಆಗುವುದು ಕಡಿಮೆ. ಅಲ್ಲಿನ ಶಿನ್ ರಾಮ್ಯನ್‌ನಲ್ಲಿ ದನದ ಮಾಂಸದ ಸಾರ ಇದೆ. ತೊಕ್‌ಬೊಕ್ಕಿಯಲ್ಲಿ ಮೀನಿನದ್ದು ಇರುತ್ತದೆ, ಕಿಮ್ಚಿ ಅನ್ನೋ ಕೋಸಿನ ಉಪ್ಪಿನಕಾಯಿಗೂ ಸಾಮಾನ್ಯವಾಗಿ ಮೀನಿನ ಸಾಸ್ ಹಾಕುತ್ತಾರೆ. ಫ್ರೆಂಚ್ ಫ್ರೈಸ್, ತಂಪು ಪಾನೀಯ ಅಷ್ಟೇ ನಮ್ಮ ಪಾಲಿಗೆ, ಫ್ರೈಸ್ ಕೂಡ ಕೋಳಿ ಕರಿದ ಎಣ್ಣೆಯಲ್ಲೇ ಕರಿದಿರಬಹುದು. ಚಪಾತಿ, ಚಟ್ನಿಪುಡಿ, ರೆಡಿ ಉಪ್ಪಿಟ್ಟು ಕಟ್ಟಿಕೊಳ್ಳಿ. ಇಟೇವೊನ್ ಕಡೆ ಭಾರತದ ಹೋಟೆಲ್‌ಗಳಿವೆ.

ಸ್ಟಾರ್‌ಕ್ರಾಫ್ಟ್ ಕಾಲದ ಒಬ್ಬ ಹಳಬರು:

ಎಲ್ಲರೂ ಲೀಗ್ ಆಫ್ ಲೆಜೆಂಡ್ಸ್ ಅಂತೀರಿ. ಇದೆಲ್ಲ ಶುರುವಾಗಿದ್ದು ಸ್ಟಾರ್‌ಕ್ರಾಫ್ಟ್ ಅನ್ನೋ ಹಳೇ ಕಂಪ್ಯೂಟರ್ ಆಟದಿಂದ. 1997ರ ಆರ್ಥಿಕ ಬಿಕ್ಕಟ್ಟಿನಲ್ಲಿ ಕೊರಿಯಾದಲ್ಲಿ ಲಕ್ಷಾಂತರ ಜನ ಕೆಲಸ ಕಳೆದುಕೊಂಡರು. ಎಷ್ಟೋ ಜನ ಇದ್ದ ದುಡ್ಡು ಹಾಕಿ ಪಿಸಿ ಬಾಂಗ್ ತೆಗೆದರು. ಮರುವರ್ಷ ಸ್ಟಾರ್‌ಕ್ರಾಫ್ಟ್ ಬಂತು, ಸರ್ಕಾರ ಬ್ರಾಡ್‌ಬ್ಯಾಂಡ್ ಎಳೆಯಿತು, ಕೆಲಸವಿಲ್ಲದ ಹುಡುಗರು ಅಲ್ಲೇ ಕೂತರು. 2000ದ ಹೊತ್ತಿಗೆ ಟಿವಿಯಲ್ಲಿ ಆಟಕ್ಕೇ ಒಂದು ಚಾನೆಲ್, ಆಟಗಾರರಿಗೆ ಒಂದು ಸಂಘ. 2004ರಲ್ಲಿ ಬೂಸಾನ್‌ನ ಗ್ವಾಂಗಲ್ಲಿ ಕಡಲತೀರದಲ್ಲಿ ಲೀಗ್ ಫೈನಲ್ ನಡೆಯಿತು. ಒಂದು ಲಕ್ಷ ಜನ ಸೇರಿದ್ದರು ಅಂತ ಹೇಳುತ್ತಾರೆ. ಎಣಿಸಿದವರು ಯಾರೋ, ಆದರೆ ಮರಳು ಕಾಣದಷ್ಟು ಜನ ಇದ್ದ ಫೋಟೊ ನೋಡಿದ್ದೇನೆ. ಆ ಕಾಲದಿಂದ ಮೈಕ್ ಹಿಡಿದಿರುವ ಜೊನ್ ಯೊಂಗ್-ಜುನ್ ಈಗಲೂ ಎಲ್‌ಸಿಕೆಯಲ್ಲಿ ‘ಶುರು ಮಾಡುತ್ತೇವೆ’ ಅಂತ ಕೊರಿಯನ್‌ನಲ್ಲಿ ಗುಡುಗುತ್ತಾರೆ. ಭಾಷೆ ಬರದಿದ್ದರೂ ಮೈ ಜುಂ ಅನ್ನುತ್ತದೆ.

ಸೋಲ್‌ನ ಸಾಂಗಮ್‌ನಲ್ಲಿ ಇ-ಸ್ಪೋರ್ಟ್ಸ್ ಹಾಲ್ ಆಫ್ ಫೇಮ್ ಇದೆ, 2018ರಲ್ಲಿ ತೆರೆದದ್ದು. ಚಿಕ್ಕದು, ಹೋಗುವ ಮುಂಚೆ ತೆರೆದಿದೆಯಾ ನೋಡಿಕೊಳ್ಳಿ. ಮಗನಿಗೆ ಬೋರ್ ಆಗಬಹುದು, ನಿಮಗೆ ಇಷ್ಟವಾಗಬಹುದು. ಅಲ್ಲಿ ನಿಂತು ಅವನಿಗೆ ಆಟಗಾರರ ಬದುಕಿನ ಬಗ್ಗೆಯೂ ಹೇಳಿ. ದಿನಕ್ಕೆ ಹತ್ತು ಹನ್ನೆರಡು ಗಂಟೆ ಅಭ್ಯಾಸ. ಫೇಕರ್‌ಗೇ 2023ರಲ್ಲಿ ತೋಳು, ಮಣಿಕಟ್ಟಿನ ನೋವಾಗಿ ಕೆಲವು ವಾರ ಹೊರಗೆ ಕೂರಬೇಕಾಯಿತು. ಗಂಡುಮಕ್ಕಳಿಗೆ ಸೇನೆಯ ಕಡ್ಡಾಯ ಸೇವೆ ಬೇರೆ. ಅದೇ ವರ್ಷ ಹಾಂಗ್ಝೌ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡಕ್ಕೆ ವಿನಾಯಿತಿ ಸಿಕ್ಕಿತು. ಮಿಕ್ಕವರು ಇಪ್ಪತ್ತರ ಹರೆಯದಲ್ಲೇ, ಕೈ ಚುರುಕಾಗಿರುವ ಕಾಲದಲ್ಲೇ, ಆಟ ಬಿಟ್ಟು ಹೋಗಬೇಕು.

ಅಂದಹಾಗೆ, ನಮ್ಮ ಮಕ್ಕಳು ಫೋನಲ್ಲಿ ಆಡುವ ಬಿಜಿಎಂಐ ಕೂಡ ಕೊರಿಯಾದ ಕ್ರಾಫ್ಟನ್ ಕಂಪನಿಯದ್ದೇ. ಅದರ ಭಾರತದ ಆಫೀಸ್ ಇರುವುದು ಬೆಂಗಳೂರಲ್ಲಿ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಗ ಇದನ್ನೆಲ್ಲ ಓದಿದ, ಹೈಸ್ಕೂಲ್ ವಾಕ್ಯವನ್ನೂ! ಯಾವ ಟಿಕೆಟ್ಟೂ ಸಿಗದಿದ್ದರೆ ಏನು ಮಾಡೋದು ಅಂತ ಕೇಳುತ್ತಿದ್ದಾನೆ.

ಸುವಾನ್‌ನಲ್ಲಿ ಕೆಲಸದಲ್ಲಿರುವವರು:

ಹೊಂಗ್‌ದೆ ಕಡೆ ಟಿ1 ತಂಡದ ಹೆಸರಲ್ಲೇ ಬೇಸ್ ಕ್ಯಾಂಪ್ ಅಂತ ಒಂದು ಪಿಸಿ ಬಾಂಗ್ ಇದೆ, 2024ರಲ್ಲಿ ತೆರೆದದ್ದು. ಟಿ1 ಆಡುವ ಸಂಜೆ ಅಲ್ಲಿ ಹೋಗಿ. ಮಗನ ಹಟ ಅರ್ಧ ಅಲ್ಲೇ ಇಳಿಯುತ್ತದೆ. ದೊಡ್ಡ ಪಂದ್ಯಗಳನ್ನು ಸಿಜಿವಿ ಸಿನಿಮಾ ಹಾಲ್‌ಗಳಲ್ಲೂ ತೋರಿಸುತ್ತಾರೆ. 2023ರ ವಿಶ್ವ ಫೈನಲ್ ಇದೇ ಊರಿನ ಗೊಚೊಕ್ ಡೋಮ್‌ನಲ್ಲಿ ನಡೆದಾಗ ನನಗೂ ಟಿಕೆಟ್ ಸಿಗಲಿಲ್ಲ. ಗ್ವಾಂಗ್‌ಹ್ವಾಮುನ್ ಚೌಕದಲ್ಲಿ ದೊಡ್ಡ ಪರದೆ ಹಾಕಿದ್ದರು, ನವೆಂಬರ್ ಚಳಿಯಲ್ಲಿ ಅಪರಿಚಿತರ ಜೊತೆ ಕೂತು ಟಿ1 ಮೂರಕ್ಕೆ ಮೂರೂ ಗೆದ್ದದ್ದು ನೋಡಿದೆ. ಒಳಗೆ ಕೂತವರಿಗಿಂತ ನಮಗೇ ಮಜಾ ಜಾಸ್ತಿ ಬಂತು ಅಂತ ಈಗಲೂ ವಾದ ಮಾಡುತ್ತೇನೆ.

ದಾರಿ ನೋಡಲು ಗೂಗಲ್ ಮ್ಯಾಪ್ ನಂಬಬೇಡಿ, ನಡೆಯುವ ದಾರಿ ಅದರಲ್ಲಿ ಸರಿಯಾಗಿ ಸಿಗುವುದಿಲ್ಲ. ಕೊರಿಯಾದ್ದೇ ಆದ ನೇವರ್ ಮ್ಯಾಪ್ ಹಾಕಿಕೊಳ್ಳಿ. ಬುಧವಾರದಿಂದ ಭಾನುವಾರದ ಒಳಗೆ ಯಾವುದಾದರೂ ಪಂದ್ಯ ಖಚಿತ ಆದರೆ ದಿನ ಇಲ್ಲೇ ಹಾಕಿ. ಸುವಾನ್‌ನಿಂದಲೂ ಅದೇ ಒಂದನೇ ಲೈನ್, ಗಂಟೆಯ ಚಿಲ್ಲರೆ ದಾರಿ. ರಜೆ ಸಿಕ್ಕರೆ ಬರುತ್ತೇನೆ. ಮಗ ಒಳಗೆ ಆಟ ನೋಡಲಿ, ಹೊರಗೆ ನೀವು ಯಜಮಾನರು ಇಬ್ಬರೇ ಕೂರೋದು ತಪ್ಪುತ್ತದೆ. ಚಟ್ನಿಪುಡಿ ಸ್ವಲ್ಪ ಜಾಸ್ತಿ ತನ್ನಿ.