‘ಆಶ್ಚರ್ಯಸೂಚಕ’ ಆಶ್ಚರ್ಯಕ್ಕೆ ಮಾತ್ರವಾ?

ಎಲ್ಲರಿಗೂ ನಮಸ್ಕಾರ.

ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿ ಶಾಲೆಯಲ್ಲಿ 4ನೇ ತರಗತಿಗೆ ಕನ್ನಡ ಹೇಳಿಕೊಡುತ್ತೇನೆ. ಲೇಖನ ಚಿಹ್ನೆ ಮತ್ತು ವಾಕ್ಯದ ಬಗೆಗಳ ಪಾಠ ಮಾಡುವಾಗ ಕೆಲವು ಪದಗಳು ನನ್ನನ್ನು ತಡೆದು ನಿಲ್ಲಿಸಿವೆ. ಪದಗಳ ಬಗ್ಗೆ ಯೋಚಿಸುವವರು ಇಲ್ಲಿ ತುಂಬ ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ಮೊದಲು ನಡೆದದ್ದು ಹೇಳುತ್ತೇನೆ. ಬೋರ್ಡಿನ ಮೇಲೆ ಗುರುತುಗಳಿಲ್ಲದ ಐದು ವಾಕ್ಯ ಬರೆದು, ಸರಿಯಾದ ಗುರುತು ಹಾಕಿ ಅಂದಿದ್ದೆ. ಅದರಲ್ಲಿ ಒಂದು, ‘ಅಯ್ಯೋ ನಾಯಿಮರಿ ಕಾಲು ಮುರಿದುಕೊಂಡಿದೆ’. ಒಬ್ಬ ಹುಡುಗಿ ಕೊನೆಯಲ್ಲಿ ಒಂದು ಚುಕ್ಕಿ ಇಟ್ಟು ಸುಮ್ಮನಾಗಿದ್ದಳು. ‘ಅಯ್ಯೋ’ ಪಕ್ಕ ಏನೂ ಇರಲಿಲ್ಲ. “ಇಲ್ಲಿ ಆಶ್ಚರ್ಯಸೂಚಕ ಚಿಹ್ನೆ ಹಾಕಬೇಕಲ್ವಾ ಪುಟ್ಟಿ?” ಅಂದೆ. ಅವಳು ವಾಕ್ಯವನ್ನು ಇನ್ನೊಂದು ಸಲ ಓದಿದಳು. ಆಮೇಲೆ, “ಇದು ಆಶ್ಚರ್ಯ ಅಲ್ಲ ಮಿಸ್, ಪಾಪ ಅನ್ಸೋದು” ಅಂದಳು.

ತಪ್ಪು ತಿದ್ದಲು ತೆರೆದಿದ್ದ ಕೆಂಪು ಪೆನ್ನಿಗೆ ಕ್ಯಾಪ್ ಹಾಕಿದೆ. ಅವಳು ಹೇಳಿದ್ದರಲ್ಲಿ ತಪ್ಪೇ ಇಲ್ಲ. ಆ ಗುರುತಿಗೆ ನಾನು ಕೊಟ್ಟ ಹೆಸರು ‘ಆಶ್ಚರ್ಯವನ್ನು ತೋರಿಸುವುದು’. ಅವಳು ಆ ಹೆಸರನ್ನು ನಂಬಿದಳು. ನಾಯಿಮರಿಯ ಕಾಲು ಮುರಿದದ್ದು ಅವಳಿಗೆ ಅಚ್ಚರಿಯಲ್ಲ, ಸಂಕಟ.

ನನ್ನ ಹತ್ತಿರ ಇರುವ ವ್ಯಾಕರಣ ಪುಸ್ತಕಗಳನ್ನು ತೆಗೆದು ನೋಡಿದೆ. ಒಂದರಲ್ಲಿ ‘ಆಶ್ಚರ್ಯಸೂಚಕ ಚಿಹ್ನೆ’, ಇನ್ನೊಂದರಲ್ಲಿ ‘ಭಾವಸೂಚಕ ಚಿಹ್ನೆ’, ಮತ್ತೊಂದರಲ್ಲಿ ‘ಉದ್ಗಾರ ಚಿಹ್ನೆ’. ಮೂರೂ ಬಳಕೆಯಲ್ಲಿವೆ. ನನ್ನ ಒಲವು ‘ಭಾವಸೂಚಕ’ದ ಕಡೆಗೆ. ಕಾರಣ ಸುಲಭ. ಅಬ್ಬಾ, ಅಯ್ಯೋ, ಆಹಾ, ಛೀ, ಭಲೇ, ಶಭಾಷ್ ಇವುಗಳಲ್ಲಿ ಅಚ್ಚರಿಗೆ ಸಲ್ಲುವುದು ಒಂದೆರಡು ಮಾತ್ರ. ಉಳಿದವು ನೋವು, ಖುಷಿ, ಹೇಸಿಗೆ, ಮೆಚ್ಚುಗೆ. ಈ ಪದಗಳ ಗುಂಪಿಗೆ ನಮ್ಮ ಶಾಲೆಯ ವ್ಯಾಕರಣ ‘ಭಾವಸೂಚಕಾವ್ಯಯ’ ಅಂತಲೇ ಹೇಳುತ್ತದೆ. ಇದೇ ಮಕ್ಕಳು ಹೈಸ್ಕೂಲಿಗೆ ಹೋದಾಗ ಆ ಪಾಠ ಬರುತ್ತದೆ. ಪದಕ್ಕೆ ‘ಭಾವಸೂಚಕ’ ಎಂದು ಹೆಸರಿಟ್ಟು, ಅದರ ಪಕ್ಕದ ಗುರುತಿಗೆ ‘ಆಶ್ಚರ್ಯಸೂಚಕ’ ಅನ್ನುವುದು ಯಾಕೆ? ‘ಉದ್ಗಾರ’ವೂ ಅರ್ಥದಲ್ಲಿ ಚೆನ್ನಾಗಿದೆ. ಒಳಗಿನಿಂದ ಉಕ್ಕಿ ಹೊರಗೆ ಬಂದದ್ದು ಎಂಬ ಭಾವ ಅದರಲ್ಲಿದೆ. ಆದರೆ ಒಂಬತ್ತು ವರ್ಷದ ಮಗುವಿಗೆ ಆ ಪದ ಮನೆಯಲ್ಲೂ ಕೇಳಿಸುವುದಿಲ್ಲ, ಬೀದಿಯಲ್ಲೂ ಕೇಳಿಸುವುದಿಲ್ಲ.

ಮಾರನೇ ದಿನ ಬೋರ್ಡಿನ ಮೇಲೆ ‘ಮಳೆ ಬಂತು!’ ಎಂದು ಬರೆದೆ. ಜೂನ್ ತಿಂಗಳಲ್ಲಿ ಅಪ್ಪ ಹೊಲ ಉತ್ತು ಮೋಡ ನೋಡುತ್ತಾ ಕೂತಿದ್ದಾರೆ, ಆಗ ಇದನ್ನು ಹೇಗೆ ಹೇಳುತ್ತೀರಿ ಅಂದೆ. ಇಡೀ ತರಗತಿ ಕುಣಿದು ಕೂಗಿತು. ಸರಿ, ಈಗ ರಾಗಿ ಕೊಯ್ದು ಕಣದಲ್ಲಿ ಹಾಕಿದ್ದೀರಿ, ಮುಚ್ಚುವುದಕ್ಕೆ ಟಾರ್ಪಾಲ್ ಇನ್ನೂ ತಂದಿಲ್ಲ, ಈಗ ಹೇಳಿ ಅಂದೆ. ಅದೇ ಎರಡು ಪದ, ಅದೇ ಗುರುತು. ದನಿ ಮಾತ್ರ ಪೂರ್ತಿ ಬೇರೆ. ಹಿಂದಿನ ಸಾಲಿನ ಹುಡುಗನೊಬ್ಬ ಹೇಳುವ ಮೊದಲೇ ತಲೆ ಮೇಲೆ ಕೈ ಇಟ್ಟುಕೊಂಡ. ಅವರ ಮನೆಯಲ್ಲಿ ಅದು ನಡೆದಿರಬೇಕು. ಆ ಗುರುತು ಏನು ಮಾಡುತ್ತದೆ ಎಂದು ನಾನು ವಿವರಿಸುವ ಅಗತ್ಯವೇ ಬರಲಿಲ್ಲ.

ಎರಡನೆಯ ಪದ ‘ವಿಧ್ಯರ್ಥ’. ವಾಕ್ಯದ ಬಗೆ ಹೇಳುವಾಗ, ಮಾಡು, ಕೊಡಿ, ಬರಲಿ ಎಂಬಂಥ ಮಾತುಗಳಿಗೆ ‘ವಿಧ್ಯರ್ಥಕ ವಾಕ್ಯ’ ಅಂತ ಬರೆಸಿದ್ದೆ. ನೋಟ್‌ಬುಕ್ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಮಕ್ಕಳು ‘ವಿದ್ಯಾರ್ಥಿಕ ವಾಕ್ಯ’ ಎಂದು ಬರೆದಿದ್ದರು. ವಿಧಿ ಮತ್ತು ಅರ್ಥ ಸೇರಿ ವಿಧ್ಯರ್ಥ ಆಯಿತು ಎಂದು ನಮಗೆ ಗೊತ್ತು. ಮಕ್ಕಳಿಗೆ ಅದರ ಹತ್ತಿರದಲ್ಲಿ ಕೇಳಿಸುವ ಪದ ಒಂದೇ, ‘ವಿದ್ಯಾರ್ಥಿ’. ಹಾಗಾಗಿ ‘ಆಜ್ಞಾರ್ಥಕ’ ಅಂತ ಬದಲಿಸಿ ನೋಡಿದೆ. ‘ಬಾಗಿಲು ಹಾಕು’, ‘ಇಲ್ಲಿ ಬಾ’ ಇವಕ್ಕೆ ಹೊಂದಿತು. ‘ದಯವಿಟ್ಟು ನೀರು ಕೊಡಿ’ ಬಂದಾಗ ಒಬ್ಬಳು, ಇದು ಆಜ್ಞೆ ಅಲ್ಲ, ಕೇಳಿಕೊಳ್ಳೋದು ಅಂದಳು. ‘ಮಳೆ ಬರಲಿ’ ಬಂದಾಗ ಇನ್ನೊಬ್ಬ ಎದ್ದು ನಿಂತು, “ಮಳೆಗೆ ಯಾರು ಆಜ್ಞೆ ಮಾಡ್ತಾರೆ ಮಿಸ್?” ಅಂದ.

ಇಲ್ಲೂ ಅದೇ ಕಥೆ, ನೋಡಿ. ಹೆಸರು ಚಿಕ್ಕದು, ಕೆಲಸ ದೊಡ್ಡದು. ನಮ್ಮ ವ್ಯಾಕರಣದಲ್ಲಿ ವಿಧ್ಯರ್ಥಕ್ಕೆ ಅಪ್ಪಣೆ ಮಾತ್ರ ಅಲ್ಲ, ಆಶೀರ್ವಾದ, ಹಾರೈಕೆ, ಸಮ್ಮತಿ ಎಲ್ಲ ಸೇರುತ್ತವೆ. ‘ನೂರು ವರ್ಷ ಬಾಳು’ ಎಂದು ಅಜ್ಜಿ ತಲೆ ಮುಟ್ಟಿ ಹೇಳುವುದೂ ಅದರಲ್ಲೇ ಬರುತ್ತದೆ. ‘ಆಜ್ಞಾರ್ಥಕ’ ಅಂದರೆ ಆ ಅಜ್ಜಿ ಹೊರಗುಳಿಯುತ್ತಾಳೆ. ‘ವಿಧ್ಯರ್ಥಕ’ ಅಂದರೆ ಮಕ್ಕಳೇ ಹೊರಗುಳಿಯುತ್ತಾರೆ.

ಸದ್ಯಕ್ಕೆ ತರಗತಿಯಲ್ಲಿ ‘ತಿಳಿಸುವ ವಾಕ್ಯ’, ‘ಕೇಳುವ ವಾಕ್ಯ’, ‘ಹೇಳಿ ಮಾಡಿಸುವ ವಾಕ್ಯ’, ‘ಮನಸ್ಸಿನ ವಾಕ್ಯ’ ಅಂತ ಬಳಸುತ್ತಿದ್ದೇನೆ. ಮೊದಲ ಎರಡು ಚೆನ್ನಾಗಿ ನಿಂತಿವೆ. ಮೂರನೆಯದರಲ್ಲಿ ‘ಮಳೆ ಬರಲಿ’ ಇನ್ನೂ ಕೂರುತ್ತಿಲ್ಲ. ಅಪ್ಪಣೆ, ಬೇಡಿಕೆ, ಹಾರೈಕೆ ಮೂರನ್ನೂ ಹೊರುವ ಒಂದು ತಿಳಿಯಾದ ಕನ್ನಡ ಪದ ನಿಮಗೆ ಹೊಳೆದರೆ ದಯವಿಟ್ಟು ತಿಳಿಸಿ.

ಕೆಲವರು ಹೇಳಬಹುದು, ಹಳೆಯ ಹೆಸರುಗಳನ್ನು ಯಾಕೆ ಕೆದಕಬೇಕು ಅಂತ. ವಿಧ್ಯರ್ಥದ ಮಾತು ಬೇರೆ, ಅದು ನಿಜಕ್ಕೂ ಹಳೆಯದು. ಆದರೆ ಗುರುತುಗಳ ಹೆಸರು ಅಷ್ಟು ಹಳೆಯವಲ್ಲ. 13ನೇ ಶತಮಾನದ ಕೇಶಿರಾಜನ ವ್ಯಾಕರಣ ಗ್ರಂಥ ಶಬ್ದಮಣಿದರ್ಪಣದಲ್ಲಿ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂದು 8 ಪ್ರಕರಣಗಳು, ಅಂದರೆ ಅಧ್ಯಾಯಗಳು ಇವೆ. ಗುರುತುಗಳಿಗೆ ಅಂತ ಒಂದು ಪ್ರಕರಣ ಇಲ್ಲ. ಓಲೆಗರಿಯಲ್ಲಿ ಪದಗಳ ನಡುವೆಯೇ ಜಾಗ ಬಿಡುತ್ತಿರಲಿಲ್ಲ. ಪದ್ಯ ಮುಗಿದಲ್ಲಿ ದಂಡ, ಅಂದರೆ ಒಂದು ನಿಂತ ಗೆರೆ ಹಾಕಿದರೆ ಆಯಿತು. ಅಲ್ಪವಿರಾಮ, ಪ್ರಶ್ನೆಯ ಗುರುತು ಇವೆಲ್ಲ ಅಚ್ಚಿನ ಪುಸ್ತಕಗಳ ಜೊತೆ ನಮ್ಮಲ್ಲಿ ನೆಲೆಯಾದವು, ಹೆಸರುಗಳನ್ನು ಆಮೇಲೆ ಕಟ್ಟಿಕೊಂಡೆವು. ಹಾಗಾಗಿ ಮಕ್ಕಳಿಗೆ ಒಗ್ಗುವಂತೆ ಒಂದು ಹೆಸರನ್ನು ಆರಿಸಿಕೊಂಡರೆ ಯಾವ ಪರಂಪರೆಯೂ ಕೆಡುವುದಿಲ್ಲ ಎಂದು ನನ್ನ ನಂಬಿಕೆ.

‘ಚಿಹ್ನೆ’ ಎಂಬ ಪದದ್ದೇ ಇನ್ನೊಂದು ಕಷ್ಟ. ಬರೆಯುವಾಗ ಹ ಮೊದಲು, ನ ಒತ್ತು. ಬಾಯಲ್ಲಿ ಬರುವುದು ‘ಚಿನ್ಹೆ’. ಮಕ್ಕಳು ಕಿವಿಗೆ ಕೇಳಿದಂತೆ ಬರೆಯುತ್ತಾರೆ, ‘ಮಧ್ಯಾಹ್ನ’ದಲ್ಲೂ ಇದೇ ಆಗುತ್ತದೆ. ನಾನು ಮಾತಿನಲ್ಲಿ ‘ಗುರುತು’ ಅನ್ನುತ್ತೇನೆ.

‘ವಿರಾಮ’ದ ಬಗ್ಗೆಯೂ ಹೇಳಬೇಕು. ಶಾಲೆಯ ಮಕ್ಕಳಿಗೆ ವಿರಾಮ ಅಂದರೆ ಆಟದ ಬಿಡುವು. ಅಲ್ಪವಿರಾಮ ಅಂದರೆ ಸ್ವಲ್ಪ ನಿಲ್ಲುವುದು ಎಂದು ಹೇಳಿಕೊಟ್ಟೆ. ಮರುದಿನ ಒಬ್ಬನ ನೋಟ್‌ಬುಕ್‌ನಲ್ಲಿ ‘ನಮ್ಮ, ಅಜ್ಜಿ, ಸಂತೆಗೆ, ಹೋಗಿ, ಬಂದಳು.’ ಎಂದಿತ್ತು. ಅವನು ಓದುವುದು ಹಾಗೇ. ಒಂದೊಂದು ಪದಕ್ಕೂ ನಿಂತು ಉಸಿರು ತೆಗೆದುಕೊಳ್ಳುತ್ತಾನೆ. ನಿಂತ ಕಡೆಯೆಲ್ಲ ಗುರುತು ಹಾಕಿದ್ದಾನೆ. ಅಂದಿನಿಂದ ನಿಲ್ಲುವ ಮಾತು ಬಿಟ್ಟು, ಅರ್ಥದ ಮಾತು ಹಿಡಿದೆ. ‘ಗೌರಿ ಅಕ್ಕ ಬಂದಳು.’ ‘ಗೌರಿ, ಅಕ್ಕ ಬಂದಳು.’ ಮೊದಲನೆಯದರಲ್ಲಿ ಬಂದವಳು ಗೌರಿ ಅಕ್ಕ. ಎರಡನೆಯದರಲ್ಲಿ ಗೌರಿ ಮನೆಯಲ್ಲೇ ಇದ್ದಾಳೆ, ಅವಳಿಗೆ ಯಾರೋ ಸುದ್ದಿ ಹೇಳುತ್ತಿದ್ದಾರೆ. ಇದನ್ನು ಇಬ್ಬರು ಹುಡುಗಿಯರಿಂದ ಬಾಗಿಲ ಹತ್ತಿರ ಆಡಿಸಿ ತೋರಿಸಿದೆ. ‘ಅಲ್ಪಪ್ರಾಣ’ದ ಜೊತೆ ‘ಅಲ್ಪವಿರಾಮ’ವನ್ನು ಕಲಸಿಕೊಳ್ಳುವ ಮಕ್ಕಳೂ ಇದ್ದಾರೆ, ಅದು ದಿನ ಕಳೆದಂತೆ ಸರಿಹೋಗುತ್ತದೆ.

ಪ್ರಶ್ನೆಯ ಗುರುತಿನಲ್ಲಿ ಹೆಸರಿನ ತೊಂದರೆ ಇಲ್ಲ, ನಾವು ಹೇಳಿಕೊಡುವ ನಿಯಮದಲ್ಲಿದೆ. ‘ಯಾರು, ಏನು, ಎಲ್ಲಿ, ಎಷ್ಟು ಬಂದರೆ ಪ್ರಶ್ನೆಯ ಗುರುತು ಹಾಕಿ’ ಎಂದು ನಾವೆಲ್ಲ ಹೇಳುತ್ತೇವೆ, ಅಲ್ವಾ? ಕನ್ನಡದಲ್ಲಿ ಇದು ನಿಲ್ಲುವುದಿಲ್ಲ. ‘ಯಾರು ಬಂದರು’ ಪ್ರಶ್ನೆ. ‘ಯಾರೋ ಬಂದರು’ ಪ್ರಶ್ನೆಯಲ್ಲ, ‘ಯಾರೂ ಬರಲಿಲ್ಲ’ ಕೂಡ ಅಲ್ಲ. ಒಂದು ಓ, ಒಂದು ಊ ಸೇರಿದ ಕೂಡಲೇ ಕೇಳುವುದು ಹೋಗಿ ತಿಳಿಸುವುದಾಯಿತು. ‘ಎಷ್ಟು ರೂಪಾಯಿ’ ಅಂದರೆ ಪ್ರಶ್ನೆ, ‘ಎಷ್ಟು ಚೆನ್ನಾಗಿದೆ’ ಅಂದರೆ ಮನಸ್ಸಿನ ಮಾತು. ಇನ್ನೊಂದು ಕಡೆ, ‘ಊಟ ಆಯ್ತಾ’ದಲ್ಲಿ ಒಂದೂ ಪ್ರಶ್ನೆ ಪದ ಇಲ್ಲ. ಕೊನೆಯ ‘ಆ’ ಒಂದೇ ಸಾಕು. ಧಾರವಾಡದ ಕಡೆಯವರು ‘ಊಟ ಆತೇನ್ರಿ’ ಅನ್ನುವಾಗ ‘ಏನ್’ ಆ ಕೆಲಸ ಮಾಡುತ್ತದೆ. ನಮ್ಮ ಭಾಷೆ ಪ್ರಶ್ನೆಯನ್ನು ಪದದ ಬಾಲದಲ್ಲೇ ಇಟ್ಟಿದೆ. ಇದನ್ನು ಬಿಟ್ಟು ಪ್ರಶ್ನೆ ಪದಗಳ ಪಟ್ಟಿ ಬಾಯಿಪಾಠ ಮಾಡಿಸಿದರೆ ಮಕ್ಕಳು ‘ಯಾರೂ ಬರಲಿಲ್ಲ?’ ಎಂದೇ ಬರೆಯುವುದು. ನಾನು ಈಗ ಒಂದೇ ಮಾತು ಹೇಳುತ್ತೇನೆ: ಈ ವಾಕ್ಯ ಕೇಳಿಸಿಕೊಂಡವರು ಉತ್ತರ ಕೊಡಬೇಕಾ, ಬೇಡವಾ? ಕೊಡಬೇಕು ಅಂತಾದರೆ ಗುರುತು ಹಾಕಿ.

ಇಷ್ಟಾದರೂ ಒಂದು ಕಡೆ ನಾನೇ ಸಿಕ್ಕಿಕೊಂಡಿದ್ದೇನೆ. ‘ಎಂದು’ ಬಂದಾಗ.

ಮಕ್ಕಳು ಹೀಗೆ ಬರೆಯುತ್ತಾರೆ: ‘ಊಟ ಆಯಿತಾ ಎಂದು ಅಜ್ಜಿ ಕೇಳಿದಳು?’ ಕೇಳಿದ್ದು ಅಜ್ಜಿ. ಬರೆಯುವವರು ಅದನ್ನು ತಿಳಿಸುತ್ತಿದ್ದಾರೆ ಅಷ್ಟೇ. ಹಾಗಾಗಿ ಕೊನೆಗೆ ಚುಕ್ಕಿ. ಅಜ್ಜಿಯ ಮಾತನ್ನು ಹಾಗೇ ಎತ್ತಿ ಇಟ್ಟರೆ, “ಊಟ ಆಯಿತಾ?” ಎಂದು ಅಜ್ಜಿ ಕೇಳಿದಳು. ಇದನ್ನು ಮಕ್ಕಳು ಒಪ್ಪಿಕೊಂಡರು. ಅಜ್ಜಿಯ ಗುರುತು ಅಜ್ಜಿಗೆ, ನಮ್ಮ ಗುರುತು ನಮಗೆ.

ಆಮೇಲೆ ಮುಂದಿನ ವಾಕ್ಯ ಬರೆದೆ. “ನಾಳೆ ಬರುತ್ತೇನೆ” ಎಂದು ಮಾವ ಹೇಳಿದರು. ಅದೇ ಹುಡುಗಿ, ನಾಯಿಮರಿಗೆ ಪಾಪ ಅಂದವಳು, ಕೈ ಎತ್ತಿದಳು. “ಅಜ್ಜಿ ಮಾತಿಗೆ ಒಳಗೆ ಗುರುತು ಇದೆ. ಮಾವನ ಮಾತಿಗೆ ಒಳಗೆ ಚುಕ್ಕಿ ಯಾಕಿಲ್ಲ?”

ಅಚ್ಚಾದ ಪುಸ್ತಕಗಳಲ್ಲಿ ನಾನು ಮೂರು ಬಗೆ ನೋಡಿದ್ದೇನೆ. ಒಳಗೆ ಚುಕ್ಕಿ ಇಟ್ಟವರಿದ್ದಾರೆ, ಅಲ್ಪವಿರಾಮ ಹಾಕಿದವರಿದ್ದಾರೆ, ಏನೂ ಹಾಕದವರೂ ಇದ್ದಾರೆ. ನಾನು ಏನೂ ಹಾಕುವುದಿಲ್ಲ. ಇಂಗ್ಲಿಷಿನಲ್ಲಿ ಅಲ್ಲಿ ಅಲ್ಪವಿರಾಮ ಬೇಕು, ಯಾಕೆಂದರೆ ಆಡಿದ ಮಾತನ್ನೂ ‘ಅವನು ಹೇಳಿದ’ ಎಂಬುದನ್ನೂ ಕೂಡಿಸಲು ಅವರಲ್ಲಿ ಅಂಥ ಪದ ಇಲ್ಲ. ನಮ್ಮಲ್ಲಿ ‘ಎಂದು’ ಇದೆ, ಮಾತಿನಲ್ಲಿ ‘ಅಂತ’ ಇದೆ. ಅದು ಮಾವನ ಮಾತು ಎಲ್ಲಿಗೆ ಮುಗಿಯಿತು ಎಂದು ತಾನೇ ಹೇಳುತ್ತದೆ. ವಾಕ್ಯ ಇನ್ನೂ ನಡೆಯುತ್ತಿರುವಾಗ ನಡುವೆ ಪೂರ್ಣವಿರಾಮ ಇಟ್ಟರೆ ‘ಪೂರ್ಣ’ ಎಂಬ ಹೆಸರಿಗೇ ಅರ್ಥ ಇರುವುದಿಲ್ಲ. ಪ್ರಶ್ನೆಯ ಗುರುತು ಹಾಗಲ್ಲ. ಅದು ಮುಗಿಯಿತು ಅನ್ನುವುದಕ್ಕಿಂತ ಇದು ಕೇಳುವ ಮಾತು ಎಂದು ತೋರಿಸುತ್ತದೆ, ಆದ್ದರಿಂದ ನಡುವೆ ಇರಬಹುದು. ಅವಳಿಗೆ ಹೀಗೆಯೇ ಹೇಳಿದೆ. ಅವಳು ತಲೆ ಆಡಿಸಿದಳು, ಆದರೆ ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ.

ನಿಮ್ಮಲ್ಲಿ ಕರಡು ತಿದ್ದುವವರು, ಪತ್ರಿಕೆಗಳಲ್ಲಿ ಕೆಲಸ ಮಾಡಿದವರು ಇದ್ದೀರಿ. ‘ಎಂದು’ವಿನ ಮುಂಚೆ ನೀವು ಏನು ಹಾಕುತ್ತೀರಿ, ಯಾಕೆ ಹಾಕುತ್ತೀರಿ? ಎರಡು ವಾಕ್ಯ ಸೇರಿದ ಮಾತಾದರೆ, ಅಂದರೆ “ನಾಳೆ ಬರುತ್ತೇನೆ. ಅಡಿಗೆ ಮಾಡಿಡಿ” ಎಂದು ಮಾವ ಹೇಳಿದರು ಅನ್ನುವಂಥ ಕಡೆ, ಮೊದಲ ಚುಕ್ಕಿ ಉಳಿಸಿ ಎರಡನೆಯದನ್ನು ಬಿಡುವುದು ನಿಮಗೆ ಸರಿ ಕಾಣುತ್ತದಾ? ಸೋಮವಾರ ಈ ವಾಕ್ಯ ಬೋರ್ಡಿನ ಮೇಲೆ ಬರೆಯಬೇಕು. ಅವಳು ಖಂಡಿತ ಕೇಳುತ್ತಾಳೆ.